ಇರಾಕಿನಲ್ಲಿ ಅಷ್ಟೊಂದು ಗ್ಯಾಸ್ ಸುಮ್ನೆ ಯಾಕೆ ಸುಡುತ್ತಾರೆ?

ಬಾಳೆಎಲೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಆರು ತಿಂಗಳಿಂದ ಇರಾಕಿನ ಬಸ್ರಾ ಕಡೆ ಒಂದು ಆಯಿಲ್ ಫೀಲ್ಡಿನಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಆಗಿದ್ದಾನೆ. ಮೊನ್ನೆ ರಾತ್ರಿ ವಿಡಿಯೋ ಕಾಲ್ ಮಾಡಿದ್ದ. ಕ್ಯಾಂಪಿನ ಹೊರಗೆ ನಿಂತಿದ್ದ. ಹತ್ತಿರ ಒಂದು ಲೈಟಿಲ್ಲ, ಆದರೂ ಅವನ ಮುಖ ಚೆನ್ನಾಗಿ ಕಾಣುತ್ತಿತ್ತು, ಹಿಂದೆ ಆಕಾಶವೆಲ್ಲ ಕಿತ್ತಳೆ ಬಣ್ಣ. ಮೊಬೈಲ್ ತಿರುಗಿಸಿ ತೋರಿಸಿದ. ಉದ್ದ ಉದ್ದ ಕೊಳವೆಗಳ ತುದಿಯಲ್ಲಿ ಬೆಂಕಿ ಧಗಧಗ ಉರಿಯುತ್ತಿದೆ. ಒಂದೆರಡಲ್ಲ, ನಾನು ಎಣಿಸಿದ್ದೇ ಏಳು. ನಮ್ಮ ಅಮ್ಮ ಪಕ್ಕದಲ್ಲಿ ಕೂತು "ಲಕ್ಷದೀಪೋತ್ಸವದ ಹಾಗೆ ಉಂಟಲ್ಲಾ" ಅಂದರು. ಅವನು ನಕ್ಕು, "ಇದು ವರ್ಷವಿಡೀ ಉಂಟಮ್ಮ, ಇದೆಲ್ಲ ಗ್ಯಾಸ್, ಬೇಡದ್ದು ಅಂತ ಸುಡುತ್ತಾರೆ" ಅಂದ.

ಬೇಡದ್ದು ಅಂದರೇನು? ನಮ್ಮ ಮನೆಯಲ್ಲಿ ಸಿಲಿಂಡರ್ ಒಂದೂವರೆ ತಿಂಗಳು ಬರಲಿ ಅಂತ ಸ್ನಾನದ ನೀರಿಗೆ ಈಗಲೂ ಹಂಡೆ ಒಲೆಗೆ ತೆಂಗಿನ ಗರಿ ಹಾಕುತ್ತೇವೆ. ಅಲ್ಲಿ ಗ್ಯಾಸನ್ನು ಆಕಾಶಕ್ಕೆ ಬಿಟ್ಟು ಸುಡುತ್ತಾರೆ. ಮಾರಿದರೆ ದುಡ್ಡು ಬರುವುದಿಲ್ಲವಾ? ಇನ್ನೊಂದು, ಅವನು ಹೇಳುವ ಪ್ರಕಾರ ಕೆಲವು ದಿನ ಗಾಳಿ ಕ್ಯಾಂಪಿನ ಕಡೆ ತಿರುಗಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದಂತೆ, ಗಂಟಲು ಕೆರೆಯುತ್ತದಂತೆ. ಇದರಿಂದ ಆರೋಗ್ಯಕ್ಕೆ ತೊಂದರೆ ಉಂಟಾ? ಗೊತ್ತಿದ್ದವರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ.

ಕಂಪ್ರೆಸರ್_ಮೇಷ್ಟ್ರು

ಬಾಳೆಎಲೆ ಅಕ್ಕ, ನಾನು ಗಲ್ಫಿನಲ್ಲಿ ಹತ್ತೊಂಬತ್ತು ವರ್ಷ ಇದೇ ಕೆಲಸ ಮಾಡಿ ಈಗ ಊರಲ್ಲಿ ಅಡಿಕೆ ನೋಡಿಕೊಂಡಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಬೇಡಿ.

ಗೋಲಿ ಸೋಡಾ ನೆನಪಿದೆಯಾ? ಗೋಲಿ ಒಳಗೆ ತಳ್ಳುವ ತನಕ ನೀರು ನೀರಾಗಿಯೇ ಕಾಣುತ್ತದೆ. ತಳ್ಳಿದ ತಕ್ಷಣ ಬುಸ್ ಅಂತ ಗುಳ್ಳೆ ಏಳುತ್ತದೆ. ನೆಲದ ಒಳಗಿರುವ ಕಚ್ಚಾ ತೈಲವೂ ಹಾಗೇ. ಎರಡು ಮೂರು ಕಿಲೋಮೀಟರ್ ಆಳದ ಒತ್ತಡದಲ್ಲಿ ಗ್ಯಾಸ್ ಎಣ್ಣೆಯಲ್ಲಿ ಕರಗಿಕೊಂಡಿರುತ್ತದೆ. ಮೇಲೆ ಬಂದಾಗ ಒತ್ತಡ ಇಳಿಯುತ್ತದೆ, ಗ್ಯಾಸ್ ಹೊರಗೆ ಬರುತ್ತದೆ. ಸೆಪರೇಟರ್ ಅಂತ ದೊಡ್ಡ ಟ್ಯಾಂಕ್ ಇರುತ್ತದೆ. ಅಲ್ಲಿ ಎಣ್ಣೆ, ನೀರು, ಗ್ಯಾಸ್ ಮೂರೂ ಬೇರೆಯಾಗುತ್ತವೆ. ಎಣ್ಣೆ ಮಾರಾಟಕ್ಕೆ ಹೋಯಿತು, ನೀರು ವಾಪಸ್ ನೆಲಕ್ಕೆ ಹೋಯಿತು. ಗ್ಯಾಸ್ ಏನು ಮಾಡೋದು? ಎಣ್ಣೆಯ ಜೊತೆ ಬರುವ ಈ ಗ್ಯಾಸಿಗೆ ಅಸೋಸಿಯೇಟೆಡ್ ಗ್ಯಾಸ್ ಅನ್ನುತ್ತಾರೆ. ನಿಮ್ಮ ತಮ್ಮ ತೋರಿಸಿದ್ದು ಅದನ್ನೇ.

ಅದನ್ನು ಹಿಡಿದಿಡುವುದು ಅಂದುಕೊಂಡಷ್ಟು ಸುಲಭ ಅಲ್ಲ. ಎಣ್ಣೆಯನ್ನು ಟ್ಯಾಂಕಿನಲ್ಲಿ ತುಂಬಿಸಿ ತಿಂಗಳುಗಟ್ಟಲೆ ಇಡಬಹುದು, ಲಾರಿಯಲ್ಲಿ ಸಾಗಿಸಬಹುದು. ಗ್ಯಾಸ್ ಹಾಗಲ್ಲ, ಬಂದ ಕ್ಷಣದಲ್ಲೇ ಅದಕ್ಕೊಂದು ದಾರಿ ಬೇಕು. ಸೆಪರೇಟರ್‌ನಿಂದ ಬರುವ ಗ್ಯಾಸಿಗೆ ಒತ್ತಡ ಕಡಿಮೆ, ಪೈಪ್‌ಲೈನಿಗೆ ನುಗ್ಗಿಸಲು ಕಂಪ್ರೆಸರ್ ಬೇಕು. ಅದರಲ್ಲಿ ನೀರಿನ ಆವಿ ಇರುತ್ತದೆ, ಒಣಗಿಸಬೇಕು. ಹೈಡ್ರೋಜನ್ ಸಲ್ಫೈಡ್ ಇರುತ್ತದೆ (ಕೊಳೆತ ಮೊಟ್ಟೆ ವಾಸನೆ ಅದರದ್ದೇ), ಅದನ್ನು ಅಮೀನ್ ಅನ್ನುವ ರಾಸಾಯನಿಕದ ಘಟಕದಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಪೈಪನ್ನೇ ತಿಂದುಹಾಕುತ್ತದೆ. ಆಮೇಲೆ ನೂರಾರು ಕಿಲೋಮೀಟರ್ ಪೈಪ್. ಆ ಪೈಪಿನ ಇನ್ನೊಂದು ತುದಿಯಲ್ಲಿ ಕೊಳ್ಳುವವನು ಇರಬೇಕು. ಇಷ್ಟರಲ್ಲಿ ಒಂದು ಇಲ್ಲದಿದ್ದರೂ ಉಳಿದದ್ದೆಲ್ಲ ದಂಡ.

ಇದೆಲ್ಲ ಇಲ್ಲದಿದ್ದಾಗ ಎರಡೇ ದಾರಿ. ಸುಡದೆ ಹಾಗೇ ಗಾಳಿಗೆ ಬಿಡುವುದು, ಇಲ್ಲಾ ಸುಡುವುದು. ಹಾಗೇ ಬಿಟ್ಟರೆ ಒಂದು ಕಿಡಿ ಸಾಕು, ಇಡೀ ಕ್ಯಾಂಪ್ ಹೋಗುತ್ತದೆ. ಅದಕ್ಕೇ ಎತ್ತರದ ಕೊಳವೆ ಕಟ್ಟಿ ತುದಿಯಲ್ಲಿ ಸುಡುತ್ತಾರೆ. ಮೂರನೇ ದಾರಿಯೂ ಇದೆ, ಗ್ಯಾಸನ್ನು ವಾಪಸ್ ಬಾವಿಗೇ ತುಂಬಿಸುವುದು. ಅದರಿಂದ ಒಳಗಿನ ಒತ್ತಡ ಉಳಿದು ಎಣ್ಣೆ ಇನ್ನೂ ಜಾಸ್ತಿ ಬರುತ್ತದೆ. ಆದರೆ ಅದಕ್ಕೂ ಭಾರೀ ಕಂಪ್ರೆಸರ್ ಬೇಕು.

ಎಷ್ಟು ಸುಡುತ್ತಾರೆ ಅಂದರೆ, ವಿಶ್ವಬ್ಯಾಂಕಿನವರು ಉಪಗ್ರಹದಿಂದ ರಾತ್ರಿ ಹೊತ್ತು ಈ ಬೆಂಕಿಗಳನ್ನು ಅಳೆದು ಪ್ರತಿ ವರ್ಷ ಲೆಕ್ಕ ಕೊಡುತ್ತಾರೆ. 2024ರಲ್ಲಿ ಜಗತ್ತಿನಲ್ಲಿ ಒಟ್ಟು 151 ಬಿಲಿಯನ್ ಘನ ಮೀಟರ್. ನಮ್ಮ ಲೆಕ್ಕದಲ್ಲಿ 15,100 ಕೋಟಿ. ಇಡೀ ಭಾರತ ವರ್ಷಕ್ಕೆ ಬಳಸುವ ನೈಸರ್ಗಿಕ ಅನಿಲದ ಎರಡು ಪಟ್ಟು. ರಷ್ಯಾ ಮೊದಲು, ಇರಾನ್ ಎರಡನೇದು, ಇರಾಕ್ ಮೂರನೇದು. ಇರಾಕ್ ಒಂದೇ ಸುಮಾರು 18 ಬಿಲಿಯನ್ ಸುಡುತ್ತದೆ.

ಅಕ್ಕನ ಸಿಲಿಂಡರ್ ಲೆಕ್ಕದಲ್ಲೇ ಹೇಳುವುದಾದರೆ, 14.2 ಕೆಜಿ ಸಿಲಿಂಡರಿನ ಶಾಖಕ್ಕೆ ಸುಮಾರು 18 ಘನ ಮೀಟರ್ ಗ್ಯಾಸ್ ಸಮ. ಅಂದರೆ ಬರೀ ಇರಾಕಿನಲ್ಲಿ ಒಂದು ವರ್ಷಕ್ಕೆ ನೂರು ಕೋಟಿ ಸಿಲಿಂಡರಿನಷ್ಟು ಶಾಖ ಆಕಾಶಕ್ಕೆ. ನಾನೂ ಲೆಕ್ಕ ಹಾಕಿ ಎರಡು ಸಲ ತಾಳೆ ನೋಡಿದೆ.

ಸುಮ್ನೆ_ಕೂತವ

ಮೇಷ್ಟ್ರೇ, ಅಲ್ಲೇ ಒಂದು ಸಿಲಿಂಡರ್ ತುಂಬುವ ಪ್ಲಾಂಟ್ ಹಾಕಿದರೆ ಆಯ್ತಲ್ವಾ? ಇಷ್ಟೆಲ್ಲ ಕಥೆ ಯಾಕೆ 😀

ಕಂಪ್ರೆಸರ್_ಮೇಷ್ಟ್ರು

ನಗಬೇಡಿ, ಅರ್ಧ ಸರಿಯಾಗೇ ಹೇಳಿದ್ದೀರಿ. ಮನೆಯ ಸಿಲಿಂಡರಿನಲ್ಲಿ ಇರುವುದು ಪ್ರೋಪೇನ್ ಮತ್ತು ಬ್ಯೂಟೇನ್. ಸ್ವಲ್ಪ ಒತ್ತಿದರೆ ಸಾಕು, ಮಾಮೂಲಿ ಸೆಖೆಯಲ್ಲೇ ದ್ರವ ಆಗುತ್ತವೆ. ಆದರೆ ಬಾವಿಯ ಗ್ಯಾಸಿನಲ್ಲಿ ದೊಡ್ಡ ಪಾಲು ಮೀಥೇನ್. ಅದನ್ನು ದ್ರವ ಮಾಡಬೇಕಾದರೆ ಮೈನಸ್ 162 ಡಿಗ್ರಿಗೆ ತಣ್ಣಗೆ ಮಾಡಬೇಕು. ಅದು ಸಾವಿರಾರು ಕೋಟಿಯ ಪ್ಲಾಂಟ್.

ಆದರೆ ಬಸ್ರಾದ ಗ್ಯಾಸ್ ಒಣ ಗ್ಯಾಸ್ ಅಲ್ಲ, ಪ್ರೋಪೇನ್ ಬ್ಯೂಟೇನ್ ಚೆನ್ನಾಗೇ ಇದೆ. ಬಸ್ರಾ ಗ್ಯಾಸ್ ಕಂಪನಿ ಅಂತ 2013ರಿಂದ ಅದೇ ಕೆಲಸ ಮಾಡುತ್ತಿದೆ. ಇರಾಕ್ ಸರ್ಕಾರದ ಪಾಲು ಶೇ. 51, ಶೆಲ್ 44, ಮಿತ್ಸುಬಿಷಿ 5. ರುಮೈಲಾ, ಜುಬೈರ್, ಪಶ್ಚಿಮ ಕುರ್ನಾ ಫೀಲ್ಡುಗಳ ಗ್ಯಾಸ್ ಹಿಡಿದು ಅದರಿಂದ ಎಲ್‌ಪಿಜಿ ತೆಗೆಯುತ್ತಾರೆ. ಒಂದು ಕಾಲದಲ್ಲಿ ಎಲ್‌ಪಿಜಿ ಹೊರಗಿನಿಂದ ತರುತ್ತಿದ್ದ ಇರಾಕ್ ಈಗ ತಾನೇ ಹೊರಗೆ ಮಾರುತ್ತದೆ. ನಾವು ನೋಡಿ, ಬಳಸುವ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹಡಗಿನಲ್ಲಿ ತರಿಸುತ್ತೇವೆ. ಹಾಗಾಗಿ ಮಾಡಲು ಆಗದ ಕೆಲಸ ಏನಲ್ಲ. ಎಣ್ಣೆ ತೆಗೆಯುವುದು ಓಡಿಕೊಂಡು ಹೋಯಿತು, ಗ್ಯಾಸ್ ಹಿಡಿಯುವುದು ತೆವಳಿಕೊಂಡು ಹಿಂದೆ ಬರುತ್ತಿದೆ, ಅಷ್ಟೆ.

ತೆರಿಗೆ_ರಸೀದಿ

ಇದರ ದುಡ್ಡಿನ ಕಡೆ ಸ್ವಲ್ಪ ಹೇಳುತ್ತೇನೆ. ನಾನು ಎಂಜಿನಿಯರ್ ಅಲ್ಲ, ಅಕೌಂಟ್ಸ್ ಮನುಷ್ಯ, ಈ ಇರಾಕ್ ಕಥೆ ಓದಿ ಓದಿ ತಲೆ ಕೆಟ್ಟಿದೆ.

ಇರಾಕ್ ತನ್ನ ಗ್ಯಾಸ್ ಸುಡುತ್ತದೆ. ಅದೇ ಇರಾಕ್ ಕರೆಂಟ್ ಮಾಡಲು ಪಕ್ಕದ ಇರಾನಿನಿಂದ ಗ್ಯಾಸ್ ಕೊಳ್ಳುತ್ತದೆ! ವರ್ಷಕ್ಕೆ ನೂರಾರು ಕೋಟಿ ಡಾಲರ್ ಕೊಟ್ಟು. ಆ ಇರಾನ್ ಕೂಡ ತನ್ನದನ್ನು ಸುಡುವುದರಲ್ಲಿ ಜಗತ್ತಿಗೇ ಎರಡನೇದು. ಮನೆಯ ಹಲಸು ಕೊಳೆಯಲು ಬಿಟ್ಟು ಪಕ್ಕದ ಮನೆಯಿಂದ ಹಲಸು ಕೊಂಡು ತಿಂದ ಹಾಗೆ, ಪಕ್ಕದ ಮನೆಯವರೂ ತಮ್ಮ ಹಲಸು ಕೊಳೆಸುತ್ತಿದ್ದಾರೆ. 2018ರ ಜುಲೈಯಲ್ಲಿ ಬಾಕಿ ಕಟ್ಟಿಲ್ಲ ಅಂತ ಇರಾನ್ ತಾನು ಇರಾಕಿಗೆ ಮಾರುತ್ತಿದ್ದ ಕರೆಂಟನ್ನೂ ನಿಲ್ಲಿಸಿತು. ಬಸ್ರಾದಲ್ಲಿ ಐವತ್ತು ಡಿಗ್ರಿ ಹತ್ತಿರ ಬಿಸಿಲು, ಫ್ಯಾನಿಲ್ಲ, ನಲ್ಲಿಯಲ್ಲಿ ಉಪ್ಪು ನೀರು. ಜನ ಬೀದಿಗೆ ಇಳಿದರು, ಗೋಲಿಬಾರ್ ಆಗಿ ಸತ್ತರು. ಊರಾಚೆ ಬೆಂಕಿ ಮಾತ್ರ ಉರಿಯುತ್ತಲೇ ಇತ್ತು.

ಯಾಕೆ ಹೀಗೆ ಅಂದರೆ, ಗ್ಯಾಸಿಗೆ ಬೆಲೆ ಇಲ್ಲ ಅಂತಲ್ಲ. ಅದನ್ನು ಹಿಡಿದರೆ ಯಾರಿಗೆ ಲಾಭ ಅನ್ನುವುದು ಕರಾರಿನಲ್ಲೇ ಇರಲಿಲ್ಲ. 2009ರಲ್ಲಿ ಇರಾಕ್ ದೊಡ್ಡ ಫೀಲ್ಡುಗಳನ್ನು ವಿದೇಶಿ ಕಂಪನಿಗಳಿಗೆ ಕೊಟ್ಟಾಗ ಮಾಡಿಕೊಂಡದ್ದು ಸೇವಾ ಕರಾರು. ಹೆಚ್ಚುವರಿಯಾಗಿ ತೆಗೆದ ಪ್ರತಿ ಬ್ಯಾರೆಲ್ ಎಣ್ಣೆಗೆ ಇಷ್ಟು ಡಾಲರ್ ಕೂಲಿ. ಅಂದಮೇಲೆ ಕಂಪನಿಯ ಗಮನ ಎಲ್ಲಿರುತ್ತದೆ? ಬ್ಯಾರೆಲ್ ಮೇಲೆ. ಸರ್ಕಾರಕ್ಕೂ ಅರ್ಜೆಂಟ್ ಬೇಕಾಗಿದ್ದದ್ದು ಎಣ್ಣೆಯ ದುಡ್ಡು, ಅದರ ಬಜೆಟ್ಟಿನ ಹೆಚ್ಚುಪಾಲು ಆದಾಯ ಎಣ್ಣೆಯದ್ದೇ. ಅದಕ್ಕೂ ಹಿಂದೆ ಹತ್ತಾರು ವರ್ಷ ಯುದ್ಧ, ನಿರ್ಬಂಧ. ಇದ್ದಬದ್ದ ಪೈಪುಗಳೂ ಹಾಳಾಗಿದ್ದವು. ಈಗ ಫ್ರಾನ್ಸಿನ ಟೋಟಲ್‌ಎನರ್ಜೀಸ್ ಕಂಪನಿ ಜೊತೆ 27 ಬಿಲಿಯನ್ ಡಾಲರಿನ ಒಪ್ಪಂದ ಆಗಿದೆ, ಅದರಲ್ಲಿ ಗ್ಯಾಸ್ ಹಿಡಿಯುವುದೂ ಒಂದು ಭಾಗ. 2021ರಲ್ಲಿ ಘೋಷಣೆ ಮಾಡಿದ್ದು, ಪಾಲು ಯಾರಿಗೆಷ್ಟು ಅಂತ ಜಗ್ಗಾಡಿ 2023ರ ಜುಲೈಗೆ ಪೂರ್ತಿ ಸಹಿ ಆಯಿತು. ಆ ಎರಡು ವರ್ಷ ಸುಟ್ಟದ್ದರ ಲೆಕ್ಕ ನೀವೇ ಹಾಕಿ.

ಪಕ್ಕದ ಕುವೈತ್ ನೋಡಿ. ಒಂದೇ ನೆಲ, ಒಂದೇ ಥರದ ಎಣ್ಣೆ. ಅವರೂ ಮೊದಲು ಚೆನ್ನಾಗೇ ಸುಡುತ್ತಿದ್ದರು. ಮನಸ್ಸು ಮಾಡಿ, ದುಡ್ಡು ಹಾಕಿ ತುಂಬಾ ಕಡಿಮೆ ಮಾಡಿಕೊಂಡರು. ಹಾಗಾಗಿ ಮರುಭೂಮಿ, ದೂರ, ಕಷ್ಟ ಅನ್ನುವ ನೆಪ ನನಗೆ ಅರ್ಧ ಮಾತ್ರ ಒಪ್ಪಿಗೆ.

ಪೈಪ್_ಲೈನ್_ಪಕ್ಕದ_ಮನೆ

ರಸೀದಿ ಸರ್, ಪೈಪ್ ಹಾಕುವುದು ಅಷ್ಟು ಸಸಾರ ಅಲ್ಲ. ಕೊಚ್ಚಿ–ಮಂಗಳೂರು ಪೈಪ್‌ಲೈನ್ ಗೊತ್ತಲ್ವಾ, ಬರೀ 450 ಕಿಲೋಮೀಟರ್. 2021ರ ಜನವರಿಯಲ್ಲಿ ಉದ್ಘಾಟನೆ ಆಗಬೇಕಾದರೆ ಎಷ್ಟು ವರ್ಷ ಎಳೆದಾಡಿತು. ನಮ್ಮ ನೆಂಟರ ಜಾಗದಲ್ಲೂ ಹೋಗಿದೆ. ತೆಂಗಿನ ಮರ ಹೋಯಿತು, ಮೇಲೆ ಇನ್ನು ಮರ ನೆಡುವ ಹಾಗಿಲ್ಲ. ಜನ ವಿರೋಧ ಮಾಡಿದ್ದರಲ್ಲಿ ತಪ್ಪೇನಿಲ್ಲ.

ನಾವೂ ಸುಟ್ಟವರೇ. ಮುಂಬೈ ಆಚೆ ಸಮುದ್ರದ ಬಾಂಬೆ ಹೈನಲ್ಲಿ 1974ರಲ್ಲಿ ಎಣ್ಣೆ ಸಿಕ್ಕಿತು, ಎರಡು ವರ್ಷದಲ್ಲಿ ತೆಗೆಯಲು ಶುರು ಮಾಡಿದರು. ಗ್ಯಾಸ್ ದಡಕ್ಕೆ ತಂದು ಬಳಸುವ ವ್ಯವಸ್ಥೆ ಸಾಕಷ್ಟು ಇರಲಿಲ್ಲ, ಎಂಬತ್ತರ ದಶಕದಲ್ಲಿ ಅದರ ದೊಡ್ಡ ಪಾಲು ಸಮುದ್ರದ ಮೇಲೆಯೇ ಉರಿಯಿತು. 1984ರಲ್ಲಿ ಗೇಲ್ ಅನ್ನುವ ಸರ್ಕಾರಿ ಗ್ಯಾಸ್ ಕಂಪನಿ ಮಾಡಿ, ಹಜೀರಾದಿಂದ ಬಿಜೈಪುರ, ಜಗದೀಶಪುರದ ತನಕ ಪೈಪ್ ಹಾಕಿ, ಆ ದಾರಿಯಲ್ಲೇ ಗೊಬ್ಬರದ ಕಾರ್ಖಾನೆ ಕಟ್ಟಿದ ಮೇಲೆ ಅದಕ್ಕೊಂದು ದಾರಿ ಆಯಿತು. ಯೂರಿಯಾ ಆಗುವುದೇ ಆ ಗ್ಯಾಸಿನಿಂದ. ಬೆಂಕಿಗೆ ಹೋಗುವುದು ಹೊಲಕ್ಕೆ ಹೋಯಿತು. ಅಸ್ಸಾಮಿನ ಚಹಾ ತೋಟಗಳ ನಡುವೆ ಈಗಲೂ ಇಂಥ ಬೆಂಕಿ ಕಾಣುತ್ತದೆ.

ಅಂದಹಾಗೆ ಸುರತ್ಕಲ್ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ರಿಫೈನರಿಯ ಮೇಲೆ ಬೆಂಕಿ ನೋಡಿರುತ್ತೀರಿ. ಇದೂ ಅದೇನಾ ಮೇಷ್ಟ್ರೇ?

ಕಂಪ್ರೆಸರ್_ಮೇಷ್ಟ್ರು

ಅಲ್ಲ. ನೋಡಲು ಒಂದೇ, ಕಾರಣ ಬೇರೆ. ರಿಫೈನರಿಯ ಬೆಂಕಿ ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದ ಹಾಗೆ. ಯಾವುದೋ ಘಟಕ ಹಠಾತ್ ನಿಂತರೆ, ಒತ್ತಡ ಏರಿದರೆ, ಒಳಗಿನ ಗ್ಯಾಸ್ ಸುರಕ್ಷಿತವಾಗಿ ಎಲ್ಲಿಗಾದರೂ ಹೋಗಬೇಕು. ಅದಕ್ಕೆ ತುದಿಯಲ್ಲಿ ಚಿಕ್ಕ ಪೈಲಟ್ ಜ್ವಾಲೆ ಯಾವಾಗಲೂ ಇರುತ್ತದೆ. ದೇವರ ಮನೆಯ ನಂದಾದೀಪದ ಥರ. ಅದು ಬೇಕೇ ಬೇಕು, ಅದನ್ನು ಯಾರೂ ನಿಲ್ಲಿಸಿ ಅನ್ನುವುದಿಲ್ಲ. ಬಸ್ರಾದ್ದು ದಿನಾ ಬರುವ ಗ್ಯಾಸನ್ನು ದಿನಾ ಸುಡುವುದು. ವಿಶ್ವಬ್ಯಾಂಕ್, ವಿಶ್ವಸಂಸ್ಥೆ ಸೇರಿ 2015ರಲ್ಲಿ ಶುರು ಮಾಡಿದ ಯೋಜನೆ ಇದೆ, 2030ರ ಒಳಗೆ ಈ ದಿನನಿತ್ಯದ ಸುಡುವಿಕೆ ನಿಲ್ಲಿಸಬೇಕು ಅಂತ. ಇರಾಕೂ ಸಹಿ ಹಾಕಿದೆ. ಆದರೆ ಒಟ್ಟು ಸುಡುವುದು 2022ರಲ್ಲಿ 139 ಬಿಲಿಯನ್ ಇದ್ದದ್ದು 2023ಕ್ಕೆ 148, 2024ಕ್ಕೆ 151 ಆಯಿತು. ಗುರಿ ಒಂದು ಕಡೆ, ಗಾಡಿ ಇನ್ನೊಂದು ಕಡೆ.

ವಿಜ್ಞಾನ_ಪೀರಿಯಡ್

ಎಲ್ಲರೂ ಸುಡುವುದನ್ನೇ ಬೈಯುತ್ತಿದ್ದೀರಿ. ಸುಡುವುದು ಪರಿಸರಕ್ಕೆ ಒಂದು ಲೆಕ್ಕದಲ್ಲಿ ಒಳ್ಳೆಯದೇ ಅಲ್ವಾ? ಮೀಥೇನ್ ಹಾಗೇ ಹೋದರೆ ಇಪ್ಪತ್ತು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಎಂಬತ್ತು ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ. ಸುಟ್ಟರೆ ಬರೀ ಕಾರ್ಬನ್ ಡೈಆಕ್ಸೈಡ್ ಮತ್ತು ನೀರು. ನನ್ನ ಹತ್ತನೇ ಕ್ಲಾಸ್ ಮಕ್ಕಳಿಗೆ ಬೋರ್ಡಿನ ಮೇಲೆ ಸಮೀಕರಣ ಬರೆಸಿದ್ದೇ ಬರೆಸಿದ್ದು.

ಕಂಪ್ರೆಸರ್_ಮೇಷ್ಟ್ರು

ಬೋರ್ಡಿನ ಮೇಲೆ ಪೂರ್ತಿ ಸುಡುತ್ತದೆ ಟೀಚರ್, ಬಾವಿಯ ಮೇಲೆ ಸುಡುವುದಿಲ್ಲ 🙂 ಹಾಗೇ ಬಿಡುವುದಕ್ಕಿಂತ ಸುಡುವುದು ವಾಸಿ, ಅದು ಸರಿ. ಆದರೆ ಕಂಪನಿಗಳು ಶೇ. 98 ಸುಟ್ಟುಹೋಗುತ್ತದೆ ಅಂತ ಲೆಕ್ಕ ಬರೆಯುತ್ತವೆ. ಅಮೆರಿಕದ ಮೂರು ದೊಡ್ಡ ತೈಲ ಪ್ರದೇಶಗಳ ಮೇಲೆ ವಿಮಾನ ಹಾರಿಸಿ ಅಳೆದ ವಿಜ್ಞಾನಿಗಳು 2022ರಲ್ಲಿ ಪ್ರಕಟ ಮಾಡಿದ ಪ್ರಕಾರ, ನಿಜವಾಗಿ ನಾಶ ಆಗುವುದು ಶೇ. 91ರ ಹತ್ತಿರ. ಎರಡು ಪರ್ಸೆಂಟ್ ಸೋರುತ್ತದೆ ಅಂದುಕೊಂಡಲ್ಲಿ ಒಂಬತ್ತು ಪರ್ಸೆಂಟ್ ಸೋರುತ್ತಿತ್ತು. ನಾಲ್ಕು ಪಟ್ಟಿಗಿಂತ ಜಾಸ್ತಿ. ಜೋರು ಗಾಳಿಗೆ ಜ್ವಾಲೆ ಹರಿದುಹೋಗುತ್ತದೆ. ಕೆಲವು ಕೊಳವೆಗಳಲ್ಲಿ ಜ್ವಾಲೆ ಆರಿಯೇ ಹೋಗಿರುತ್ತದೆ, ಬರೀ ಗ್ಯಾಸ್ ಬರುತ್ತಿರುತ್ತದೆ, ಕಣ್ಣಿಗೆ ಕಾಣದ ಕಾರಣ ಯಾರೂ ಕೇಳುವುದಿಲ್ಲ. ನಾನೇ ಒಂದು ಫೀಲ್ಡಿನಲ್ಲಿ ಆರಿಹೋದ ಫ್ಲೇರ್ (ಈ ಸುಡುವ ಕೊಳವೆಗೆ ಹಾಗನ್ನುತ್ತೇವೆ) ಹಚ್ಚಲು ಬಿಡಿಭಾಗ ಬರಲಿ ಅಂತ ಹನ್ನೊಂದು ದಿನ ಕಾದಿದ್ದೇನೆ. ಮೇಲಿನವರಿಗೆ ದಿನಾ ಮೇಲ್ ಹಾಕುತ್ತಿದ್ದೆ. ಎಣ್ಣೆಯ ಪಂಪ್ ನಿಂತಿದ್ದರೆ ಹನ್ನೊಂದು ಗಂಟೆಯಲ್ಲಿ ವಿಮಾನದಲ್ಲಿ ಬರುತ್ತಿತ್ತು.

ಜೊತೆಗೆ ಮಸಿ. ಪ್ರೋಪೇನ್, ಬ್ಯೂಟೇನ್ ಜಾಸ್ತಿ ಇರುವ ಗ್ಯಾಸ್ ಉರಿಯುವಾಗ ಗಾಳಿ ಸಾಲದಿದ್ದರೆ ಚಿಮಣಿ ದೀಪದ ಥರ ಹೊಗೆ ಉಗುಳುತ್ತದೆ. ಹೊಗೆ ಕಪ್ಪಾಗಿದ್ದರೆ ಸರಿಯಾಗಿ ಸುಡುತ್ತಿಲ್ಲ ಅಂತಲೇ ಅರ್ಥ. ಹೈಡ್ರೋಜನ್ ಸಲ್ಫೈಡ್ ಸುಟ್ಟರೆ ಸಲ್ಫರ್ ಡೈಆಕ್ಸೈಡ್, ಅದೇ ಅಕ್ಕನ ತಮ್ಮನ ಗಂಟಲು ಕೆರೆಯುವುದು. ಬೆಂಜೀನ್ ಕೂಡ ಹೋಗುತ್ತದೆ. ಹವಾಮಾನದ ಲೆಕ್ಕದಲ್ಲಿ 2024ರ ಒಟ್ಟು ಸುಡುವಿಕೆ 38.9 ಕೋಟಿ ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ. ಯಾರಿಗೂ ಅನ್ನ ಬೇಯಿಸದ, ಒಂದು ಬಲ್ಬ್ ಉರಿಸದ ಹೊಗೆ ಅದು.

ವಿಜ್ಞಾನ_ಪೀರಿಯಡ್

ಒಪ್ಪಿದೆ ಸರ್. ನಾಳೆ ಮಕ್ಕಳಿಗೂ ಇದನ್ನು ಹೇಳುತ್ತೇನೆ. ಹನ್ನೊಂದು ದಿನದ ಕಥೆ ಕೇಳಿ ನಮ್ಮ ಶಾಲೆಯ ಬೋರ್‌ವೆಲ್ ಮೋಟಾರ್ ನೆನಪಾಯಿತು.

ಹಾರ್ಕೋರ್ಟ್_ಹಾಸನ

ತಡವಾಗಿ ಬಂದೆ. ನಾನು ನೈಜೀರಿಯಾದ ಪೋರ್ಟ್ ಹಾರ್ಕೋರ್ಟ್‌ನಲ್ಲಿ ಎಂಟು ವರ್ಷ ಇದ್ದೆ. ಒಂದು ಗೋದಾಮಿನ ಮ್ಯಾನೇಜರ್ ಆಗಿದ್ದೆ, ಎಣ್ಣೆಗೂ ನನಗೂ ಸಂಬಂಧ ಇಲ್ಲ. ಆದರೆ ನೈಜರ್ ನದಿ ಮುಖಜ ಭೂಮಿಯಲ್ಲಿ ಇದ್ದು ಇದನ್ನು ನೋಡದೆ ಇರಲು ಆಗುವುದಿಲ್ಲ.

ಅಲ್ಲಿ ಎಣ್ಣೆ ಸಿಕ್ಕಿದ್ದು 1956ರಲ್ಲಿ, ಓಲೋಯಿಬಿರಿ ಅನ್ನುವ ಊರಲ್ಲಿ. ಸುಡುವುದೂ ಎಣ್ಣೆ ತೆಗೆಯುವುದರ ಜೊತೆಯಲ್ಲೇ ಶುರು. 1979ರಲ್ಲೇ ಕಾನೂನು ಮಾಡಿದರು. 1984ರ ಜನವರಿ 1ರಿಂದ ಮಂತ್ರಿಯ ಅನುಮತಿ ಇಲ್ಲದೆ ಸುಡುವಂತಿಲ್ಲ. ಓದಲು ಚೆನ್ನಾಗಿದೆ ಅಲ್ವಾ? ಅನುಮತಿ ಕೊಟ್ಟರು, ಜೊತೆಗೆ ದಂಡ ಹಾಕಿದರು. ಸಾವಿರ ಘನ ಅಡಿಗೆ ಎರಡು ಕೋಬೋ. ಕೋಬೋ ಅಂದರೆ ಅವರ ಪೈಸೆ, ನೈರಾ ಅಂದರೆ ಅವರ ರೂಪಾಯಿ. 1998ರಲ್ಲಿ ಅದನ್ನು ಹತ್ತು ನೈರಾಕ್ಕೆ ಏರಿಸಿದರು. ಆಗಲೂ ಕಂಪ್ರೆಸರ್ ಹಾಕುವುದಕ್ಕಿಂತ ದಂಡ ಕಟ್ಟುವುದೇ ಅಗ್ಗ. 2018ಕ್ಕೆ ದೊಡ್ಡ ಉತ್ಪಾದಕರಿಗೆ ಸಾವಿರ ಘನ ಅಡಿಗೆ ಎರಡು ಡಾಲರ್ ಆಯಿತು, ಆಗ ಸ್ವಲ್ಪ ಬಿಸಿ ಮುಟ್ಟಿತು. ಇದರ ನಡುವೆ 1999ರಿಂದ ಬೋನಿ ದ್ವೀಪದಿಂದ ಗ್ಯಾಸನ್ನು ದ್ರವ ಮಾಡಿ ಹಡಗಿನಲ್ಲಿ ಕಳಿಸಲು ಶುರು ಮಾಡಿದ್ದರು. ಅದರಿಂದ ಸುಡುವುದು ಮೊದಲಿಗಿಂತ ತುಂಬಾ ಇಳಿದಿದೆ ಅನ್ನುವುದನ್ನೂ ಹೇಳಬೇಕು. ಆದರೂ ಜಗತ್ತಿನ ಮೊದಲ ಒಂಬತ್ತು ದೇಶಗಳ ಪಟ್ಟಿಯಲ್ಲಿ ಇನ್ನೂ ಇದೆ.

2005ರಲ್ಲಿ ಇವ್ಹೆರೆಕಾನ್ ಅನ್ನುವ ಹಳ್ಳಿಯವರ ಪರವಾಗಿ ಹಾಕಿದ ಕೇಸಿನಲ್ಲಿ ಬೆನಿನ್ ನಗರದ ಫೆಡರಲ್ ಹೈಕೋರ್ಟ್ ಒಂದು ತೀರ್ಪು ಕೊಟ್ಟಿತು. ಗ್ಯಾಸ್ ಸುಡುವುದು ಬದುಕುವ ಹಕ್ಕಿಗೆ, ಘನತೆಗೆ ವಿರುದ್ಧ, ನಿಲ್ಲಿಸಿ ಅಂತ. ಬೆಂಕಿ ಅದನ್ನು ಕೇಳಿಸಿಕೊಳ್ಳಲಿಲ್ಲ.

ನನಗೆ ಮನಸ್ಸಿನಲ್ಲಿ ಉಳಿದದ್ದು ಬೇರೆ. ಒಂದು ಸಲ ಡೆಲ್ಟಾ ರಾಜ್ಯದ ಕಡೆ ಸಾಮಾನು ಇಳಿಸಿ ಬರುವಾಗ ನೋಡಿದೆ, ನೆಲಮಟ್ಟದಲ್ಲೇ ಅಡ್ಡಕ್ಕೆ ಉರಿಯುವ ಒಂದು ಫ್ಲೇರ್, ಅದರ ಮುಂದೆ ಹೆಂಗಸರು ಮರಗೆಣಸಿನ ಹಿಟ್ಟು ಒಣಗಿಸುತ್ತಿದ್ದರು. ನಾವು ಹಪ್ಪಳ ಬಿಸಿಲಿಗೆ ಹಾಕುತ್ತೇವಲ್ಲ, ಥೇಟ್ ಹಾಗೆ ಸಾಲಾಗಿ. ಬೆನ್ನು ಬೆಂಕಿಗೆ ಹಾಕಿ, ತಲೆಗೆ ಬಟ್ಟೆ ಕಟ್ಟಿ. ನನ್ನ ಡ್ರೈವರ್ ಹೇಳಿದ, "ಮಳೆಗಾಲದಲ್ಲಿ ಇಲ್ಲಿ ಬಿಸಿಲು ಎಲ್ಲಿದೆ ಸರ್, ಇದು ಪುಕ್ಕಟೆ." ಆ ಊರಿಗೆ ಸರಿಯಾದ ಕರೆಂಟಿಲ್ಲ. ಇಡೀ ದೇಶವೇ ಜನರೇಟರಿನ ಮೇಲೆ ಬದುಕುತ್ತದೆ. ಕರೆಂಟ್ ಬಂದರೆ ಮಕ್ಕಳು "ಅಪ್ ನೇಪಾ!" ಅಂತ ಕೂಗುತ್ತಾರೆ, ನೇಪಾ ಅಂದರೆ ಹಳೇ ಕರೆಂಟ್ ಬೋರ್ಡಿನ ಹೆಸರು. ಗ್ಯಾಸ್ ಬಾವಿಯ ಪಕ್ಕದಲ್ಲಿ ಕೂತು ಡೀಸೆಲ್ ಸುಡುತ್ತಾರೆ. ಆ ಹೆಂಗಸರನ್ನು ನೋಡಿ ಅಯ್ಯೋ ಪಾಪ ಅನ್ನುವುದೋ ಭೇಷ್ ಅನ್ನುವುದೋ ನನಗೆ ಆಗ ತಿಳಿಯಲಿಲ್ಲ. ಆ ಬೆಂಕಿಯಿಂದ ಊರಿಗೆ ಸಿಕ್ಕ ಒಂದೇ ಉಪಯೋಗವನ್ನು ಅವರೇ ಕಂಡುಕೊಂಡಿದ್ದರು.

ತೆರಿಗೆ_ರಸೀದಿ

ಹಾಸನದವರೇ, ದಂಡದ ಲೆಕ್ಕ ಹೇಳಿದಿರಿ ನೋಡಿ, ಅದೇ ಮುಖ್ಯ. ನಾರ್ವೆ ಎಪ್ಪತ್ತರ ದಶಕದಲ್ಲಿ ಎಣ್ಣೆ ತೆಗೆಯಲು ಶುರು ಮಾಡಿದಾಗಲೇ ಸುರಕ್ಷತೆಗೆ ಬಿಟ್ಟು ಬೇರೆ ಯಾವುದಕ್ಕೂ ಸುಡುವಂತಿಲ್ಲ ಅಂದಿತು. 1991ರಿಂದ ಅದರ ಮೇಲೆ ಕಾರ್ಬನ್ ತೆರಿಗೆಯನ್ನೂ ಹಾಕಿತು. ಗ್ಯಾಸಿಗೆ ದಾರಿ ಮಾಡದೆ ಎಣ್ಣೆ ತೆಗೆಯಲು ಬಿಡಲೇ ಇಲ್ಲ.

ಹಾಗಂತ ಬಡ ದೇಶಗಳ ಕಥೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕ ನಾಲ್ಕನೇ ಸ್ಥಾನದಲ್ಲಿದೆ. ಟೆಕ್ಸಾಸಿನ ಪರ್ಮಿಯನ್ ಪ್ರದೇಶದಲ್ಲಿ ಎಣ್ಣೆಯ ಜೊತೆ ಗ್ಯಾಸ್ ಎಷ್ಟು ಬರುತ್ತದೆ ಅಂದರೆ, ಪೈಪುಗಳು ತುಂಬಿ ವಾಹಾ ಅನ್ನುವ ಅಲ್ಲಿನ ಮಾರುಕಟ್ಟೆಯಲ್ಲಿ 2024ರಲ್ಲಿ ಎಷ್ಟೋ ದಿನ ಗ್ಯಾಸಿನ ಬೆಲೆ ಸೊನ್ನೆಗಿಂತ ಕೆಳಗೆ ಹೋಯಿತು. ಅಂದರೆ ಮಾರುವವನೇ ದುಡ್ಡು ಕೊಟ್ಟು, ತಗೊಂಡು ಹೋಗಿ ಮಾರಾಯ ಅನ್ನಬೇಕು. ನಮ್ಮಲ್ಲಿ ಟೊಮೇಟೊ ರಸ್ತೆಗೆ ಸುರಿಯುತ್ತಾರಲ್ಲ, ಹಾಗೆ. ಟೊಮೇಟೊ ಸುರಿದವನು ರೈತ, ನಷ್ಟ ಅವನದ್ದೇ. ಇಲ್ಲಿ ಸುಡುವವನೇ ಬೇರೆ, ಹೊಗೆ ಕುಡಿಯುವವನೇ ಬೇರೆ.

ಬಾಳೆಎಲೆ

ಅಬ್ಬಾ, ಇಷ್ಟೊಂದು ವಿಷಯ ಉಂಟು ಅಂತ ಗೊತ್ತಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ನನಗೆ ಈಗ ತಮ್ಮನದ್ದೇ ಚಿಂತೆ. ಬೆಂಜೀನ್ ಅಂದಿರಿ, ಅದು ಕ್ಯಾನ್ಸರಿಗೆ ಕಾರಣ ಅಂತ ಓದಿದ್ದೇನೆ. ಅವನು ಅಲ್ಲಿ ಇನ್ನೂ ಒಂದೂವರೆ ವರ್ಷ ಇರಬೇಕು, ಮನೆ ಸಾಲ ಉಂಟು.

ಕಂಪ್ರೆಸರ್_ಮೇಷ್ಟ್ರು

ಅಕ್ಕ, ಹೆದರಿಸಬಾರದು, ಸುಳ್ಳೂ ಹೇಳಬಾರದು. ಬೆಂಜೀನಿನಿಂದ ರಕ್ತದ ಕ್ಯಾನ್ಸರ್ ಬರುತ್ತದೆ ಅನ್ನುವುದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತಿರುವ ವಿಷಯ. 2022ರಲ್ಲಿ ಬಿಬಿಸಿಯವರು ಬಸ್ರಾದ ಫೀಲ್ಡುಗಳ ಪಕ್ಕದ ಊರುಗಳಲ್ಲಿ ಗಾಳಿ, ಮಕ್ಕಳ ಮೂತ್ರ ಪರೀಕ್ಷೆ ಮಾಡಿಸಿ, ಇಂಥ ರಾಸಾಯನಿಕಗಳು ಜಾಸ್ತಿ ಇವೆ ಅಂತ ವರದಿ ಮಾಡಿದರು. ಉತ್ತರ ರುಮೈಲಾದ ಒಬ್ಬ ಹುಡುಗ, ಹದಿನೈದು ವರ್ಷಕ್ಕೇ ರಕ್ತದ ಕ್ಯಾನ್ಸರ್ ಬಂದಿತ್ತು, ಆ ವರದಿಗೆ ತನ್ನ ಊರಿನ ಬೆಂಕಿ ತೋರಿಸಿದವನು. ಮರುವರ್ಷ ತೀರಿಕೊಂಡ. ಮನೆಗಳಿಂದ 10 ಕಿಲೋಮೀಟರ್ ಒಳಗೆ ಸುಡಬಾರದು ಅಂತ ಇರಾಕಿನ ಕಾನೂನೇ ಹೇಳುತ್ತದೆ. ಆ ಊರುಗಳಲ್ಲಿ ಹುಟ್ಟಿ ಬೆಳೆಯುವವರ ಕಷ್ಟ ಒಂದು ಬಗೆ. ನಿಮ್ಮ ತಮ್ಮ ಎರಡು ವರ್ಷಕ್ಕೆ ಹೋದವನು, ಕ್ಯಾಂಪಿನಲ್ಲಿ ಎಸಿ ಇದೆ, ರಜೆಗೆ ಊರಿಗೆ ಬರುತ್ತಾನೆ. ಅವರದ್ದನ್ನೂ ಇವನದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ರಜೆಗೆ ಬಂದಾಗ ರಕ್ತ ಪರೀಕ್ಷೆ ಮಾಡಿಸಲಿ, ಡಾಕ್ಟರಿಗೆ ಎಲ್ಲಿ ಕೆಲಸ ಅಂತ ಬಾಯಿಬಿಟ್ಟು ಹೇಳಲಿ.

ದಿನನಿತ್ಯದ ಅಪಾಯ ಹೈಡ್ರೋಜನ್ ಸಲ್ಫೈಡಿನದ್ದು. ಅದು ಬೆಂಕಿಯಿಂದ ಬರುವುದಲ್ಲ, ಸುಡದೆ ಉಳಿದದ್ದು ಅಥವಾ ಎಲ್ಲೋ ಸೋರಿದ್ದು. ಮೊಟ್ಟೆ ವಾಸನೆ ಬರುವ ತನಕ ಪರವಾಗಿಲ್ಲ ಅಂತ ಅಲ್ಲಿ ಹೊಸಬರು ಅಂದುಕೊಳ್ಳುತ್ತಾರೆ. ಅದೇ ಮೋಸ. ಜಾಸ್ತಿ ಆದಾಗ ಮೂಗಿನ ವಾಸನೆ ಹಿಡಿಯುವ ಶಕ್ತಿಯನ್ನೇ ಅದು ಕೊಲ್ಲುತ್ತದೆ. ವಾಸನೆ ಹಠಾತ್ ನಿಂತರೆ ಗ್ಯಾಸ್ ಹೋಯಿತು ಅಂತಲ್ಲ. ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ, ಗುಂಡಿಯಲ್ಲಿ ಕೂತಿರುತ್ತದೆ. ಸೈರನ್ ಆದರೆ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ನೋಡಿ ಗಾಳಿಗೆ ಅಡ್ಡವಾಗಿ ಓಡಬೇಕು, ಎತ್ತರದ ಕಡೆಗೆ. ಬಿದ್ದವನನ್ನು ಎತ್ತಲು ಮಾಸ್ಕ್ ಇಲ್ಲದೆ ಹೋಗಲೇಬಾರದು, ಹಾಗೆ ಹೋಗಿ ಇಬ್ಬರು ಮೂವರು ಒಟ್ಟಿಗೆ ಸತ್ತದ್ದು ಈ ಕಸುಬಿನಲ್ಲಿ ಎಷ್ಟೋ ಸಲ ಆಗಿದೆ.

ಅವನ ಎದೆಯ ಮೇಲೆ ಒಂದು ಪುಟ್ಟ ಹಳದಿ ಅಥವಾ ಕಪ್ಪು ಗ್ಯಾಸ್ ಡಿಟೆಕ್ಟರ್ ಸಿಕ್ಕಿಸಿರುತ್ತಾರೆ. ಅದರ ಹಿಂದೆ ಚೀಟಿಯಲ್ಲಿ ಕ್ಯಾಲಿಬ್ರೇಷನ್ (ಅಳತೆ ಸರಿ ಮಾಡುವುದು) ಮಾಡಿದ ದಿನ, ಮತ್ತೆ ಮಾಡಬೇಕಾದ ದಿನ ಇರುತ್ತದೆ. ಈಗಲೇ ಫೋನ್ ಮಾಡಿ ಅದನ್ನು ಓದಲು ಹೇಳಿ. ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಅಂದಿರಲ್ಲ, ಊರವರ ಮೀಟರೆಲ್ಲ ಸರಿ ಮಾಡಿ ತನ್ನದನ್ನೇ ನೋಡಿಕೊಂಡಿರುವುದಿಲ್ಲ, ನಮ್ಮ ಜಾತಿಯೇ ಹಾಗೆ.

ಬಾಳೆಎಲೆ

ಮೇಷ್ಟ್ರೇ, ಫೋನ್ ಮಾಡಿದೆ. ಮೊದಲು ನಗಾಡಿದ. ಆಮೇಲೆ ತಿರುಗಿಸಿ ನೋಡಿ ಸುಮ್ಮನಾದ. ದಿನ ಮುಗಿದು ಮೂರು ತಿಂಗಳಾಗಿದೆ. ಅವನದ್ದೊಂದೇ ಅಲ್ಲ, ಅವನ ಕೋಣೆಯಲ್ಲಿರುವ ಕೇರಳದ ಹುಡುಗನದ್ದೂ ಹಾಗೇ. ಬೆಳಿಗ್ಗೆ ಇಬ್ಬರೂ ಸ್ಟೋರಿಗೆ ಹೋಗಿ ಜಗಳ ಮಾಡಿ ಬೇರೆ ತೆಗೆದುಕೊಂಡಿದ್ದಾರೆ, ಫೋಟೋ ಕಳಿಸಿದ್ದಾನೆ, ಹೊಸ ಚೀಟಿ ಉಂಟು.

ಅಮ್ಮನಿಗೆ ಇದು ಯಾವುದನ್ನೂ ಹೇಳಿಲ್ಲ. ಅವರು ಆ ದೀಪೋತ್ಸವದ ವಿಡಿಯೋ ದೊಡ್ಡಮ್ಮನಿಗೆ ಕಳಿಸಿಕೊಡು ಅಂತ ಎರಡು ದಿನದಿಂದ ಕೇಳುತ್ತಿದ್ದಾರೆ.